ಹೆಕ್ಕಿದ ಅಕ್ಕಿ

ಬೇಲೇಕೇರಿ, ಮಂಗಳವಾರ

ಪ್ರೀತಿಗೆ ನಿನ್ನ ಅತ್ತೆ ಬರೆಯುವುದು.

ನಿನ್ನ ಗಂಡ ಇವತ್ತು ದೋಣಿಗೆ ಹೋಗದೆ ಕಾರವಾರದ ಆಸ್ಪತ್ರೆಗೆ ಬರುತ್ತಿದ್ದಾನೆ. ಗಂಜಿಯ ಜೊತೆ ಈ ಚೀಟಿಯನ್ನೂ ಕೊಡುತ್ತಾನೆ. ಏಳು ತಿಂಗಳ ಬಸುರಿಗೆ ಇಷ್ಟು ಕಡಿಮೆ ರಕ್ತ ಯಾಕೆ ಎಂದು ಡಾಕ್ಟರು ಕೇಳಿದರಲ್ಲ, ಆಗ ನನಗೂ ಗೊತ್ತಿರಲಿಲ್ಲ.

ಸೊಸೈಟಿಯ ರೇಷನ್ ಅಕ್ಕಿಯಲ್ಲಿ ಪ್ಲಾಸ್ಟಿಕ್ ಕಾಳು ಬೆರೆಸುತ್ತಾರೆ ಎಂದು ಮೀನು ಪೇಟೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಅದಕ್ಕೇ ದಿನಾ ಮೀನು ಮಾರಿ ಬಂದು, ಕಣ್ಣು ಮಂಜಾದರೂ ಗೆರಸಿಯಲ್ಲಿ ಅಕ್ಕಿ ಹರಡಿಕೊಂಡು ಕೂತು, ಬೇರೆ ಥರ ಕಂಡ ಒಂದೊಂದು ಕಾಳನ್ನೂ ಹೆಕ್ಕಿ ಕೋಳಿಗೆ ಹಾಕುತ್ತಿದ್ದೆ. ಹೊಟ್ಟೆಯಲ್ಲಿ ಮಗು ಇದೆಯಲ್ಲ ಎಂದು ನಿನ್ನ ಗಂಜಿಯ ಅಕ್ಕಿಯನ್ನು ಎರಡು ಸಲ ಹೆಕ್ಕುತ್ತಿದ್ದೆ.

ನಿನ್ನೆ ಅಂಗನವಾಡಿ ಅಕ್ಕೋರು ಬಂದವರು ನೋಡಿದರು. "ಅಯ್ಯೋ ಮಾದೇವಿ, ಅದು ಪ್ಲಾಸ್ಟಿಕ್ ಅಲ್ಲ. ರಕ್ತ ಆಗ್ಲಿ ಅಂತ ಸತ್ವ ಸೇರ್ಸಿ ಮಾಡಿದ ಕಾಳು. ಅದನ್ನೇ ಹೆಕ್ಕುದಾ?" ಎಂದರು.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ.

ಇವತ್ತಿನ ಗಂಜಿ ಹೆಕ್ಕದ ಅಕ್ಕಿಯದು, ಪೂರ್ತಿ ಉಣ್ಣು. ಮಾತ್ರೆ ಬಿಡಬೇಡ. ಜೊತೆಗೆ ಒಂದು ಡಬ್ಬಿ ಇದೆ, ವಾಪಸ್ ಕಳಿಸು. ಅದರಲ್ಲಿ ಬೇಯಿಸಿದ ಎರಡು ಮೊಟ್ಟೆ ಇವೆ, ನಮ್ಮ ಕೋಳಿಗಳದ್ದೇ. ಯಾರಿಗೂ ಕೊಡಬೇಡ, ಎರಡನ್ನೂ ನೀನೇ ತಿನ್ನು. ಇಷ್ಟು ದಿನ ನಿನ್ನ ಪಾಲು ತಿಂದದ್ದು ಆ ಕೋಳಿಗಳೇ.

ಮಾದೇವಿ