ಜಪಮಾಲೆಯ ಉಳಿದರ್ಧ

ಆನೇಮಹಲ್
೮ ಸೆಪ್ಟೆಂಬರ್ ೧೯೯೯

ಅಮ್ಮಾ,

ನೀನು ತೀರಿಹೋದ ಮೇಲೆ ಇದು ಮೊದಲ ತೆನೆಹಬ್ಬ, ಮರಿಯಮ್ಮ ಹುಟ್ಟಿದ ದಿನ. ತಂಗಿ ಫ್ಲೋರಿನ್ ಕರೆದಳು, ಹೋದೆ. ಹೊಸ ಅಕ್ಕಿ ಬೆರೆಸಿದ ಹಾಲು ಕೊಡುವ ಮೊದಲು ಜಪಮಾಲೆ ಹಿಡಿದು ಕೂತಳು. ಮನೆಯಲ್ಲಿ ನಾವಿಬ್ಬರೇ. 'ನಮೋ ಮರಿಯಮ್ಮ' ಎಂದು ಮೊದಲರ್ಧ ಹೇಳಿ, ಉಳಿದರ್ಧ ನಾನು ಹೇಳಲೆಂದು ನಿಲ್ಲಿಸಿದಳು. ಚರ್ಚು ಬಿಟ್ಟು, ಮರಿಯಮ್ಮನಿಗೆ ಪ್ರಾರ್ಥಿಸದ ಪ್ರಾರ್ಥನಾಲಯಕ್ಕೆ ಸೇರಿದ ಮೇಲೆ ನಾನು ಅದನ್ನು ಹೇಳಿದವನಲ್ಲ, ನಿನಗೆ ಗೊತ್ತಲ್ಲ. ಆದರೂ ಅವಳ ಮುಖ ನೋಡಿ ಶುರುಮಾಡಿದೆ. 'ದೇವರ ಮಾತೆಯೇ' ಅನ್ನಬೇಕಾದಲ್ಲಿ ಮಾತ್ರ 'ಯೇಸುವಿನ ಮಾತೆಯೇ' ಅಂದೆ.

"ಯಾಕಣ್ಣ, ಯೇಸು ದೇವ್ರಲ್ವಾ?"

"ದೇವ್ರೇ ಕಣೇ. ಆದ್ರೆ ದೇವ್ರಿಗೆ ಹುಟ್ಟೇ ಇಲ್ಲ, ತಾಯಿ ಎಲ್ಲಿಂದ ಬತ್ತಾಳೆ?"

"ಹಂಗಾರೆ ಮರಿಯಮ್ಮ ಹೆತ್ತಿದ್ದು ಯಾರ್ನ?"

ಬೈಬಲಿನ ವಚನಗಳು ನಾಲಿಗೆಯ ತುದಿಗೆ ಬಂದವು. ಅಷ್ಟರಲ್ಲೇ ಅವಳು ಮಣಿ ಸರಿಸುತ್ತಾ ಅಂದಳು: "ಅಮ್ಮ ಕೊನೇವರ್ಗೂ ಮೊದಲರ್ಧ ಹೇಳಿ ನಿನ್ ಖಾಲಿ ಕುರ್ಚಿ ಕಡೆ ನೋಡೋಳು. ಒಂಚೂರು ಕಾದು, ಉಳಿದಿದ್ದನ್ನ ತಾನೇ ಹೇಳ್ಕಳೋಳು."

ಹೌದೇನಮ್ಮ?

ಮುಂದಿನ ಮಣಿಗೆ ನಾನು ಬಾಯಿ ತೆರೆದು ಕಾದೆ. ಫ್ಲೋರಿನ್ ನಿಲ್ಲಿಸಲೇ ಇಲ್ಲ. ಎರಡೂ ಅರ್ಧವನ್ನು ತಾನೇ ಹೇಳಿಕೊಂಡಳು.