ಹಣ್ಣಿನ ಪೆಟ್ಟಿಗೆ ಮತ್ತು ಅಜ್ಜಿಯ ಮಾತ್ರೆ

ಫಾರ್ಗೋ, ನಾರ್ತ್ ಡಕೋಟ
೧೬ ಜನವರಿ ೧೯೯೭

ಅಪ್ಪನಿಗೆ,

ಬರೆಯುತ್ತಿರುವುದಕ್ಕೇ ಕ್ಷಮಿಸಿ. ನಿಮ್ಮ ಟ್ರೈಲರ್ ಕ್ಯಾಂಪಿನ ಆಫೀಸಿಗೆ ಫೋನ್ ಮಾಡಿದಾಗಲೆಲ್ಲ "ಮೀನು ಹಿಡಿಯೋಕೆ ಹೋಗಿದಾರೆ" ಅನ್ನುತ್ತಾರೆ. ಆರೋಗ್ಯವೇ? ಟೆಕ್ಸಸ್ಸಿನ ಬಿಸಿಲು ಮೈಗೆ ಹಿಡಿಸಿರಬೇಕು. ಪ್ರತಿ ಚಳಿಗಾಲ ಹೆತ್ತ ತಾಯಿಯನ್ನು ಹಿಮದಲ್ಲಿ ಬಿಟ್ಟು ಹೋಗುವವರಿಗೆ ಹಿಡಿಸದೆ ಏನು.

ಅಜ್ಜಿ ಬಿದ್ದಳು. ಭಾನುವಾರ, ಚರ್ಚಿನ ನೆಲಮಾಳಿಗೆಯಲ್ಲಿ, ಪ್ರಾರ್ಥನೆಯ ನಂತರ ಕೊಡುವ ಬಿಸಿ ಕಾಫಿ ಕೈಯಲ್ಲಿ ಹಿಡಿದುಕೊಂಡೇ. ಕೈ ಸುಟ್ಟಿದೆ, ಮೂಳೆ ಮುರಿದಿಲ್ಲ. ಬಿ.ಪಿ. ಪಾತಾಳಕ್ಕೆ ಇಳಿದಿತ್ತು. ಕಾರಣ, ನೀವು ಬರುವ ಬದಲು ಕಳಿಸುವ, ಚಕ್ಕೋತದಂಥ ಆ ಗ್ರೇಪ್‌ಫ್ರೂಟ್ ಹಣ್ಣಿನ ಪೆಟ್ಟಿಗೆ. ಫಾರ್ಮಸಿ ಮೊದಲ ವರ್ಷದವಳು ನಾನು, ತಪ್ಪು ತಿಳಿದಿದ್ದೇನೋ ಎಂದು ಹೆದರಿ ಡಾಕ್ಟರನ್ನೂ ಕೇಳಿದೆ. ಅವರೂ ಅದನ್ನೇ ಹೇಳಿದರು. ಅಜ್ಜಿ ನುಂಗುವ ಬಿ.ಪಿ. ಮಾತ್ರೆಯ ಬಹುಪಾಲನ್ನು ರಕ್ತ ಸೇರುವ ಮೊದಲೇ ಕರುಳಿನ ಗೋಡೆಯಲ್ಲಿ, ಲಿವರಿನಲ್ಲಿ ಇರುವ ಒಂದು ಕಿಣ್ವ ಒಡೆದು ಹಾಕುತ್ತದೆ. ಒಡೆದ ಚೂರುಗಳು ಮೂತ್ರದಲ್ಲಿ ಹೊರಗೆ ಹೋಗುತ್ತವೆ. ಆ ನಷ್ಟವನ್ನೆಲ್ಲ ಲೆಕ್ಕ ಹಿಡಿದೇ ಮಾತ್ರೆ ಕೊಟ್ಟಿರುತ್ತಾರೆ. ನಿಮ್ಮ ಹಣ್ಣು ಕರುಳಿನ ಆ ಕಿಣ್ವವನ್ನೇ ಹಾಳು ಮಾಡುತ್ತದೆ. ಒಂದು ನುಂಗಿದರೆ ಎರಡು ಮೂರು ನುಂಗಿದ ಹಾಗೆ.

ಇದನ್ನು ಹೇಳಿದರೆ ಅಜ್ಜಿ, "ಆಯ್ತು ಕಣೇ, ಮಾತ್ರೆ ಬೆಳಿಗ್ಗೆ, ಹಣ್ಣು ಸಂಜೆ. ಒಂದರ ಮುಖ ಒಂದು ನೋಡಲ್ಲ" ಅಂದಳು. ಕರುಳು ಹೊಸ ಕಿಣ್ವ ಮಾಡಿಕೊಳ್ಳುವುದಕ್ಕೆ ದಿನಗಳೇ ಬೇಕು, ಅಂದೆ. ನಿನ್ನ ಪಕ್ಕದ ಮನೆಯ ಆರ್ಡಿಸ್ ಆಂಟಿಗೆ ಕೊಟ್ಟುಬಿಡೋಣ, ಅಂದೆ. "ಅವಳು ಅವಳ ಮಗನ ಹಣ್ಣು ತಿನ್ನಲಿ. ನಿಮ್ಮಮ್ಮ ಇಂಗ್ಲೆಂಡಿನೋಳು, ನೀನು ಹಾಸ್ಟೆಲ್‌ನಲ್ಲಿ ಬೆಳೆದೋಳು. ಕೊಟ್ಟಿದ್ದನ್ನ ಬಿಸಾಕೋದು ನಿಮಗೆ ಸಲೀಸು. ನಾವು ನಾರ್ವೆಯೋರು, ಮನೆಗೆ ಬಂದಿದ್ದನ್ನ ತಿಂದೇ ಮುಗಿಸ್ತೀವಿ" ಅಂದಳು. ಆ ಹಾಸ್ಟೆಲಿಗೆ ನನ್ನನ್ನು ಬಿಸಾಕಿದವರು ಯಾರು ಎಂದು ಅವಳನ್ನು ಕೇಳಲಿಲ್ಲ. ನಿಮ್ಮನ್ನು ಕೇಳುತ್ತಿದ್ದೇನೆ.

ಅಲ್ಲಿನ ಬಿಸಿಲಿಗೂ ಮೀನುಗಳಿಗೂ ನನ್ನ ನಮಸ್ಕಾರ ತಿಳಿಸಿ.

ಮಾರಿತ್

ತಾ.ಕ.: ನನ್ನ ಕಾಲೇಜಿನ ರೂಮಿಗೆ ಬಂದು ಕಾಗದ ಮಡಿಸುತ್ತಿದ್ದಾಗ ಆರ್ಡಿಸ್ ಆಂಟಿ ಫೋನ್ ಮಾಡಿದರು. ಅಜ್ಜಿ ಹಣ್ಣು ಬಿಟ್ಟಿಲ್ಲ, ಮಾತ್ರೆ ಬಿಟ್ಟಿದ್ದಾಳೆ. "ಮಾತ್ರೆ ಕೆಡಲ್ಲ, ಹಣ್ಣು ಕೊಳೆಯುತ್ತೆ" ಅನ್ನುತ್ತಾಳಂತೆ. ಮಾತ್ರೆ ಹೀಗೆ ನಿಲ್ಲಿಸಿದರೆ ಲಕ್ವ ಹೊಡೆಯಬಹುದು ಎಂದು ಡಾಕ್ಟರ್ ಅವತ್ತೇ ಎಚ್ಚರಿಸಿದ್ದರು. ನನ್ನ ಮಾತು ಅವಳಿಗೆ ನಾಟುವುದಿಲ್ಲ, ನಿಮ್ಮದು ನಾಟುತ್ತದೆ. ಯಾಕೆಂದು ನನಗೆ ಗೊತ್ತಿಲ್ಲ. ಇದು ಕೈಸೇರಿದ ಕೂಡಲೇ ಆಫೀಸಿನಿಂದ ಅವಳಿಗೆ ಫೋನ್ ಮಾಡಿ, ಹಣ್ಣು ಎಸೆದುಬಿಡು, ನನಗೇನೂ ಬೇಜಾರಿಲ್ಲ ಅನ್ನಿ. ಅಂದಿರೋ ಇಲ್ಲವೋ, ಬೇಗ ತಿಳಿಸಿ.