ಮಗುವನ್ನು ಮೀಯಿಸಿದ ಕೈ

ಬೋಳೂರು, ಮಂಗಳೂರು
೧೨ ಆಗಸ್ಟ್ ೨೦೨೪

ಮಗಳು ಮೋಕ್ಷಾಳಿಗೆ,

ಆಶೀರ್ವಾದ ಇದ್ದೇ ಇದೆ, ಕೋಪವೂ ಇದೆ. ನೀನು ಫೋನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಪಕ್ಕದ ಮನೆಯ ರೊಸಾಲಿನ್ ನಿಮ್ಮ ಕೊಟ್ಟಾರಕ್ಕೆ ಕೆಲಸಕ್ಕೆ ಬರುವಾಗ ನಿನ್ನ ಕೈಗೇ ಕೊಡುತ್ತಾಳೆ. ಹರಿದು ಬಿಸಾಡುವುದಾದರೆ ಓದಿ ಬಿಸಾಡು.

ಬರುವ ಆದಿತ್ಯವಾರ ಮಗುವನ್ನು ತೊಟ್ಟಿಲಿಗೆ ಹಾಕುತ್ತೀರಂತೆ. ಊರಿಗೆಲ್ಲ ಹೇಳಿಕೆ ಹೋಗಿದೆ, ಹೆತ್ತ ತಾಯಿಗೆ ಇಲ್ಲ. ಬಿಜೈಯಿಂದ ಯಾರೋ ಹೆಂಗಸು ಬಂದು ಮೀಯಿಸುತ್ತಾಳಂತೆ. ಕಿವಿಗೆ ನೀರು ಹೋಗದ ಹಾಗೆ ಹೊಯ್ಯಲು ಅವಳಿಗೆ ಬರುತ್ತದಾ? ಈ ಬೋಳೂರಿನಲ್ಲಿ ಬಾಣಂತಿ ಇರುವ ಮನೆಯವರು ಮೊದಲು ಕರೆಯುತ್ತಿದ್ದದ್ದು ಯಾರನ್ನು? ನನ್ನನ್ನು, ಈ ಅಪ್ಪಿಯನ್ನು. ಕಾಲು ಚಾಚಿ ಕುಳಿತು, ಕಾಲ ಮೇಲೆ ಮಗುವನ್ನು ಮಲಗಿಸಿ, ಎಡಗೈಯಲ್ಲಿ ತಲೆ ಹಿಡಿದು, ಬಲಗೈಯಲ್ಲಿ ಬಿಸಿನೀರು ಹೊಯ್ದು ನಾನು ಮೀಯಿಸಿದ ಮಕ್ಕಳು ಈಗ ಮೀನಿನ ಬೋಟಿಗೆ ಹೋಗುತ್ತಿದ್ದಾರೆ, ದುಬೈಯಲ್ಲಿದ್ದಾರೆ. ಒಬ್ಬರ ಮೈಗೂ ಒಂದು ಗೀರು ಬಿದ್ದದ್ದಿಲ್ಲ.

ನಿನ್ನ ಮಗನಿಗೆ ಬಿತ್ತು, ನೀನು ಬಾಣಂತನಕ್ಕೆ ಇಲ್ಲಿದ್ದಾಗ. ಹುಬ್ಬಿನ ಮೇಲೆ ಮೂರು ಹೊಲಿಗೆ. ಅದಕ್ಕೆ ನೀನು ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಆದರೆ ನೀನು ಅಂದದ್ದೇನು? ರೊಸಾಲಿನ್ ಹತ್ತಿರ ಪಟ್ಟಾಂಗ ಹೊಡೆಯುವ ಗೌಜಿಯಲ್ಲಿ ಮಗುವನ್ನು ಬಿಟ್ಟೆ ಎಂದೆ. ಆ ಪಾಪದವಳು ಓಡಿ ಬಂದದ್ದೇ ನಿನ್ನ ಬೊಬ್ಬೆ ಕೇಳಿದ ಮೇಲೆ! ಕೈ ತಪ್ಪಿದ್ದು ನನಗೆ ಗೊತ್ತೇ ಆಗಲಿಲ್ಲ ಎಂದದ್ದಕ್ಕೆ ನಿನ್ನ ಗಂಡ ಕಮಲೇಶ್ ಅಂತೂ, ‘ಅತ್ತೆ, ಕೈಯಲ್ಲಿ ಶಕ್ತಿ ಉಂಟಲ್ಲ, ನೀರು ತುಂಬಿದ ಕೊಡಪಾನ ಎತ್ತುತ್ತೀರಿ, ಮತ್ತೆ ಎಂತ ಈ ನಾಟಕ?’ ಎಂದು ಕೇಳಿದ. ನೀನು ಅವನನ್ನು ತಡೆಯಲಿಲ್ಲ. ನನ್ನ ಕೋಪ ಅದಕ್ಕೆ.

ನಾಟಕವಾ ಮಾರಾಯ್ತಿ? ಸರಿಯಾಗಿ ಕೇಳು. ಹಂಡೆಗೆ ಚೆಂಬು ಅದ್ದಲು ನಾನು ಬಲಕ್ಕೆ ತಿರುಗಿದೆ, ಅಷ್ಟೇ. ಎಡಗೈ ಮಗುವಿನ ತಲೆಯ ಅಡಿಯಲ್ಲೇ ಇದೆ ಎಂದು ನನಗೆ ಖಂಡಿತ ಗೊತ್ತಿತ್ತು. ತಿರುಗಿ ನೋಡಿದರೆ ಕೈ ತೊಡೆಯ ಆಚೆ ಗಾಳಿಯಲ್ಲಿತ್ತು, ಮಗು ಬಚ್ಚಲ ಕಲ್ಲಿನ ಮೇಲಿತ್ತು.

ಮಗು ಬಿದ್ದ ಮೂರನೆಯ ದಿನ, ನನಗೆ ವ್ಯಾಯಾಮ ಮಾಡಿಸುವ ಬರ್ನಡೆಟ್ ಕಣ್ಣು ಮುಚ್ಚಲು ಹೇಳಿದಳು. ಎಡಗೈಯನ್ನು ಅವಳೇ ಎತ್ತಿ ಒಂದು ಕಡೆ ನಿಲ್ಲಿಸಿ, ಬಲಗೈಯನ್ನೂ ಅಷ್ಟೇ ಎತ್ತರಕ್ಕೆ ತನ್ನಿ ಎಂದಳು. ಹಾಗೇ ಎತ್ತಿದೆ. ಕಣ್ಣು ಬಿಟ್ಟರೆ ಎಡಗೈ ಕಿವಿಯ ಹತ್ತಿರ, ಬಲಗೈ ಹೊಟ್ಟೆಯ ಹತ್ತಿರ! ಶಕ್ತಿ ಬೇರೆ, ಕೈ ಎಲ್ಲಿದೆ ಎಂಬ ಅರಿವು ಬೇರೆ ಅಂತೆ. ಕೈ ಆಡುವಾಗ ಅದು ಎಲ್ಲಿಗೆ ಹೋಯಿತೆಂದು ತಲೆಗೆ ಸುದ್ದಿ ಮುಟ್ಟಬೇಕಂತೆ. ಫೆಬ್ರವರಿಯಲ್ಲಿ ಸ್ಟ್ರೋಕ್ ಆದ ಮೇಲೆ ನನಗೆ ಶಕ್ತಿ ವಾಪಸು ಬಂತು, ಸುದ್ದಿ ಬರಲಿಲ್ಲ. ನೋಡುತ್ತಾ ಇದ್ದರೆ ಮಾತ್ರ ಅದು ನನ್ನ ಕೈ. ಇದನ್ನು ಮೊದಲೇ ಯಾರು ಹೇಳಿದ್ದರು ನನಗೆ? ಆಸ್ಪತ್ರೆಯವರು ತಮ್ಮ ಬೆರಳು ಹಿಡಿಸಿ ನೋಡಿ, ಕೈ ಸರಿ ಉಂಟು ಎಂದು ಮನೆಗೆ ಕಳುಹಿಸಿದರು. ಗೊತ್ತಿಲ್ಲದೆ ಆದದ್ದಕ್ಕೆ ನನಗೆ ಈ ಶಿಕ್ಷೆಯಾ?

ಆದಿತ್ಯವಾರ ನಾನು ಬರುತ್ತೇನೆ. ಕರೆದರೂ ಬರುತ್ತೇನೆ, ಕರೆಯದಿದ್ದರೂ ಬರುತ್ತೇನೆ. ಬಾಗಿಲು ಹಾಕಿದರೆ ಮೆಟ್ಟಿಲ ಮೇಲೆ ಕುಳಿತಿರುತ್ತೇನೆ, ನಿನ್ನ ಗಂಡನ ಕಡೆಯವರೆಲ್ಲ ನೋಡಲಿ. ಮೀಯಿಸಲು ಕೇಳುವುದಿಲ್ಲ. ನಾನು ನೆಲದಲ್ಲಿ ಕುಳಿತಿರುವಾಗ ಒಮ್ಮೆ ಮಗುವನ್ನು ಮಡಿಲಲ್ಲಿ ಇಡು. ನೀನು ಪಕ್ಕದಲ್ಲೇ ಕೂತುಕೋ. ಸಾಕು.

ನಿನ್ನ ಅಮ್ಮ,
ಅಪ್ಪಿ

ತಾ.ಕ.: ಕವರಿಗೆ ಅಂಟು ಹಾಕಿದವಳು ಪುನಃ ಬಿಚ್ಚಿದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಬರ್ನಡೆಟ್ ಆ ಪರೀಕ್ಷೆ ಮಾಡಿದ್ದು ಮಗು ಬಿದ್ದ ಮೇಲೆ ಅಲ್ಲ. ಏಪ್ರಿಲಿನಲ್ಲಿ, ನೀನು ತುಂಬಿದ ಬಸುರಿ ಇದ್ದಾಗ. ಆ ಕೈಯಲ್ಲಿ ಮಗುವನ್ನು ಹಿಡಿಯಲೇಬೇಡಿ, ಮಗಳಿಗೂ ಹೇಳಿಬಿಡಿ ಎಂದಿದ್ದಳು. ಹೇಳುತ್ತೇನೆ ಎಂದು ಅವಳಿಗೆ ಮಾತು ಕೊಟ್ಟೆ. ಹೇಳಿದ್ದರೆ ನೀನು ಮಗುವನ್ನು ನನ್ನ ಕಾಲ ಮೇಲೆ ಮಲಗಿಸುತ್ತಲೇ ಇರಲಿಲ್ಲ.